ನಳಿಕೆಯೊಳಗಿನ ಹಗ್ಗ

ಮಣ್ಣಿನ ಹರವಿಯ ನೀರು ತಣ್ಣಗೇ ಇತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕಳಕಪ್ಪ ಮತ್ತೊಮ್ಮೆ ಮೊಣಕೈವರೆಗೆ ಕೈ ಇಳಿಸಿದ. ಬಿರಡೆ ಹಾಕಿ, ದಾರ ಕಟ್ಟಿ ಒಳಗೆ ಇಳಿಬಿಟ್ಟಿದ್ದ ಗಾಜಿನ ನಳಿಕೆಗಳು ಬೆರಳಿಗೆ ತಾಗಿದವು. ಕುಡಿಯುವ ನೀರಿನ ಹರವಿಯಲ್ಲಿ ಹೀಗೆ ಕೈ ಆಡಿಸುವುದನ್ನು ಹೆಂಡತಿ ಶಂಕ್ರಮ್ಮ ಕಂಡಿದ್ದರೆ ಹರವಿಯನ್ನೇ ಒಡೆದುಹಾಕುತ್ತಿದ್ದಳು. ಆದರೆ ಏಪ್ರಿಲ್ ತಿಂಗಳ ಕೊಪ್ಪಳದಲ್ಲಿ, ಹೊತ್ತು ಏರುವ ಮೊದಲೇ ಗೋಡೆಗಳು ಕಾಯ್ದು ಕೋಣೆಯ ಗಾಳಿಯೆಲ್ಲ ಒಲೆಯ ಮುಂದಿನ ಗಾಳಿಯಾಗಿರುವಾಗ, ಅವನು ಪಾಠ ಹೇಳುವ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಹಿಂದೆ ಬೇವಿನ ಗಿಡದ ಬುಡಕ್ಕೆ ಹಸಿ ಉಸುಕಿನಲ್ಲಿ ಕೂತಿದ್ದ ಈ ಹರವಿಯ ಹೊಟ್ಟೆಗಿಂತ ತಂಪಾದ ಜಾಗ ಅವನಿಗೆ ಸಿಕ್ಕುವಂತಿರಲಿಲ್ಲ. ಒಂದು ಫ್ರಿಜ್ ಇತ್ತು, ಪ್ರಿನ್ಸಿಪಾಲರ ಮನೆಯಲ್ಲಿ. ನಾಚಿಕೆ ಬಿಟ್ಟು ಕೇಳಲು ಹೋದರೆ ಅವರ ಮನೆಯವರು ಬಾಗಿಲಲ್ಲೇ ನಿಲ್ಲಿಸಿ, "ಹಾಲು ಮಸರು ಇಡೂ ಜಾಗಾದಾಗ ನಿಮ್ಮ ಔಷಧ ಬ್ಯಾಡ್ರೀ ಸರ" ಎಂದಿದ್ದರು. ಔಷಧವಂತೆ. ಐದು ವರ್ಷದ ದುಡಿಮೆಯನ್ನು ಬೆರಳುದ್ದದ ಗಾಜಿನಲ್ಲಿ ಹಿಡಿದುಕೊಂಡು, ಮೊಸರಿನ ಪಾತ್ರೆಯ ಪಕ್ಕ ಒಂದಿಷ್ಟು ಜಾಗ ಕೊಡಿ ಎಂದು ಬೇಡುವ ಗತಿ ಬೇರೆ ಯಾವ ದೇಶದ ವಿಜ್ಞಾನಿಗೆ ಬಂದಿರುತ್ತದೆ ಎಂದು ಆ ದಿನ ಅವನಿಗೆ ಮೈಯೆಲ್ಲ ಉರಿದಿತ್ತು. ಆ ಉರಿ ಇನ್ನೂ ಆರಿರಲಿಲ್ಲ. ಇವತ್ತು ಆರುವಂತೆಯೂ ಇರಲಿಲ್ಲ, ಏಕೆಂದರೆ ಇವತ್ತು ಇನಾಮದಾರರು ಬರುವವರಿದ್ದರು.

ಇನಾಮದಾರರು ಅವನ ಪಿಎಚ್.ಡಿ. ಗೈಡು. ಬಿ.ಎಸ್ಸಿ. ಪ್ರಾಕ್ಟಿಕಲ್ ಪರೀಕ್ಷೆಗೆ ಯೂನಿವರ್ಸಿಟಿ ಈ ಸಲ ಅವರನ್ನೇ ಹೊರಗಿನ ಪರೀಕ್ಷಕರೆಂದು ಕೊಪ್ಪಳಕ್ಕೆ ಹಾಕಿತ್ತು. ಹುಡುಗರ ಪರೀಕ್ಷೆ ಹುಡುಗರಿಗೆ; ಕಳಕಪ್ಪನಿಗೆ ತನ್ನದೇ ಪರೀಕ್ಷೆ. ಅವನ ಪ್ರಬಂಧದ ನಾಲ್ಕನೆಯ ಅಧ್ಯಾಯ ಉಳಿಯುತ್ತದೋ ಹೋಗುತ್ತದೋ ಎಂಬುದು ಇವತ್ತು ಅವರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಏನು ನೋಡುತ್ತಾರೆ ಎಂಬುದರ ಮೇಲೆ ನಿಂತಿತ್ತು. ಅಧ್ಯಾಯದ ಮಾತು ಹಾಗಿರಲಿ, ತನ್ನ ಕಣ್ಣು ನೆಟ್ಟಗಿದೆಯೋ ಇಲ್ಲವೋ ಎಂಬುದೂ ಅದರ ಮೇಲೆಯೇ ನಿಂತಿತ್ತು.

ವಿಷಯ ದೊಡ್ಡದೇನಲ್ಲ ಎಂದು ಅವನು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದ. ಸಾಬೂನಿನ ಜಾತಿಯ ಒಂದು ಅಣುವನ್ನು ಅವನೇ ತಯಾರಿಸಿದ್ದ: ನೀರನ್ನು ಬಯಸುವ ತಲೆ, ನೀರಿಗೆ ಹೇಸುವ ಉದ್ದನೆಯ ಬಾಲಗಳು. ಇಂಥವನ್ನು ನೀರಿಗೆ ಬಿಟ್ಟರೆ ಬಾಲಗಳನ್ನು ಒಳಗೆ ಬಚ್ಚಿಟ್ಟುಕೊಂಡು ಹಾಳೆಯಾಗಿ ಕೂಡಿಕೊಳ್ಳುತ್ತವೆ, ಹಾಳೆ ತನ್ನ ಅಂಚನ್ನು ತಾನೇ ಮುಚ್ಚಿಕೊಂಡು ದುಂಡನೆಯ ಸಣ್ಣ ಚೀಲವಾಗುತ್ತದೆ. ಪುಸ್ತಕದಲ್ಲಿ ಅದು ವೆಸಿಕಲ್, ಅವನ ಬಾಯಲ್ಲಿ ಗುಳ್ಳೆ. ಆದರೆ ಅವನ ಅಣುವಿಗೆ ಎರಡು ರೂಪವಿತ್ತು, ಎಡಗಾಲ ಚಪ್ಪಲಿ ಬಲಗಾಲ ಚಪ್ಪಲಿ ಇದ್ದ ಹಾಗೆ. ತೂಕ ಒಂದೇ, ತೊಗಲು ಒಂದೇ, ಹೊಲಿಗೆ ಒಂದೇ, ಆದರೂ ಒಂದರ ಜಾಗದಲ್ಲಿ ಇನ್ನೊಂದು ಕೂರದು. ಎಡ ಬಲ ಸಮವಾಗಿ ಬೆರೆಸಿದ ನಳಿಕೆಯಲ್ಲಿ ಗುಳ್ಳೆಗಳು ತಿಂಗಳುಗಟ್ಟಲೆ ಗುಳ್ಳೆಗಳಾಗಿಯೇ ಇರುತ್ತಿದ್ದವು. ಬರೀ ಎಡದ್ದನ್ನೇ ಹಾಕಿದ ನಳಿಕೆಯನ್ನು ತಂಪಿನಲ್ಲಿ ಕೆಲವು ದಿನ ಅಲುಗಿಸದೆ ಇಟ್ಟರೆ ಮಾತ್ರ ಗುಳ್ಳೆಗಳು ಉದ್ದುದ್ದ ಎಳೆದುಕೊಂಡು, ತಿರುಚಿಕೊಂಡು, ಹೊಸೆದ ಹಗ್ಗಗಳಾಗುತ್ತಿದ್ದವು. ಎಲ್ಲ ಹಗ್ಗಗಳೂ ಒಂದೇ ಕಡೆಗೆ ಹೊಸೆದವು. ಬರೀ ಬಲದ್ದಾದರೆ ಹೊಸೆತ ಇನ್ನೊಂದು ಕಡೆಗೆ. ನಿಂತವರೆಲ್ಲ ಒಂದೇ ಮಗ್ಗುಲಿಗೆ ವಾಲಿದರೆ ಸಾಲೇ ತಿರುಚಿಕೊಳ್ಳುತ್ತದೆ, ಎಡ ಬಲ ಬೆರೆತಿದ್ದರೆ ಒಬ್ಬನ ವಾಲನ್ನು ಇನ್ನೊಬ್ಬ ಸರಿದೂಗಿಸುತ್ತಾನೆ, ಇಷ್ಟೇ. ಲ್ಯಾಬಿನ ಹಳೆಯ ಮೈಕ್ರೋಸ್ಕೋಪಿನ ಬೆಳಕಿನ ದಾರಿಗೆ ಕರಿ ಕಾಗದದ ಬಿಲ್ಲೆ ಕತ್ತರಿಸಿ ಇಟ್ಟು, ಕತ್ತಲ ಹಿನ್ನೆಲೆಯಲ್ಲಿ ಅವು ಬೆಳ್ಳಗೆ ಕಾಣುವಂತೆ ಮಾಡಿದ್ದ. ಮೊದಲ ಸಲ ಹಗ್ಗ ಕಂಡ ದಿನ ಸ್ಟೂಲು ಬಿಟ್ಟು ಎದ್ದು, ಖಾಲಿ ಲ್ಯಾಬಿನಲ್ಲಿ ಸುಮ್ಮನೆ ಅತ್ತಿಂದಿತ್ತ ಓಡಾಡಿದ್ದ. ಯಾರಿಗಾದರೂ ಹೇಳಬೇಕು ಅನ್ನಿಸಿತ್ತು. ಹೇಳಬಹುದಾದ ಒಬ್ಬರೇ ಮನುಷ್ಯ ಯೂನಿವರ್ಸಿಟಿಯ ಊರಿನಲ್ಲಿದ್ದರು.

"ಕಳಕಪ್ಪ, ಮೊದ್ಲ ಪಾತ್ರಿ ತೊಳಿಯೋದು ಕಲೀಪಾ." ಹೋಗಿ ಹೇಳಿದರೆ ಇನಾಮದಾರರು ಅಂದದ್ದು ಇಷ್ಟೇ, ಆದರೆ ಅಂದದ್ದು ಎಂ.ಎಸ್ಸಿ. ಹುಡುಗ ಹುಡುಗಿಯರೆಲ್ಲ ಸುತ್ತ ನಿಂತಿದ್ದಾಗ. ಅಲ್ಲಿಗೆ ಬಿಡಲಿಲ್ಲ. "ನೀ ಕಂಡದ್ದು ಹಗ್ಗ ಅಲ್ಲ, ಹೊಲಸು. ನಿಮ್ಮ ಕುಕನೂರಾಗ ಅಂಟವಾಳ ಹಚ್ಚಿ ತಿಕ್ಕತಾರಲ್ಲ, ಅದರ ನಾರು ಉಳದಿರಬೇಕು." ಹುಡುಗಿಯೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಳಕಪ್ಪನೂ ನಕ್ಕುಬಿಟ್ಟ. ಅಷ್ಟು ಜನರ ಮುಂದೆ ತನ್ನ ಊರನ್ನೂ ತನ್ನ ಅವ್ವ ತಿಕ್ಕಿದ ಪಾತ್ರೆಗಳನ್ನೂ ಹೀಗಳೆಯುವಾಗ ಹಲ್ಲು ಕಿಸಿದ ತನ್ನ ಬಾಯಿಗೆ ಏನು ಮಾಡಬೇಕು. ಆ ಸಲದ ದಸರಾ ರಜೆಯನ್ನೆಲ್ಲ ಅವರ ಲ್ಯಾಬಿನ ಗಾಜಿನ ಸಾಮಾನು ತೊಳೆಯುವುದರಲ್ಲಿ ಕಳೆದಿದ್ದ, ಕಲಿಯಲಿ ಎಂದು ಅವರೇ ಹಚ್ಚಿದ ಕೆಲಸ. ಆಸಿಡ್ಡಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಹಳದಿಯಾಗಿ ಬಿರಿದವು. ಹಾಗೆ ತೊಳೆದ ನಳಿಕೆಯಲ್ಲೂ ಹಗ್ಗ ಬಂದಾಗ, ಒಯ್ದು ತೋರಿಸಿದರೆ, ಅಲ್ಲಿ ಬರೀ ಗುಳ್ಳೆ. ಮತ್ತೆ ಊರಿಗೆ ಬಂದು ಮಾಡಿದರೆ ಹಗ್ಗ, ಮತ್ತೆ ಒಯ್ದರೆ ಗುಳ್ಳೆ. ತನ್ನ ಕಣ್ಣಿಗೇ ಏನೋ ಆಗಿದೆ ಎಂದು ಒಂದು ವರ್ಷ ನಂಬಿದ್ದ. ಕೊನೆಗೆ ತಿಳಿದದ್ದು ಈ ಚಳಿಗಾಲದಲ್ಲಿ. ಹಗ್ಗ ತುಂಬಿದ ನಳಿಕೆಯನ್ನು ಮರೆತು ಅಂಗಿಯ ಒಳಕಿಸೆಯಲ್ಲೇ ಇಟ್ಟುಕೊಂಡು ಕುಷ್ಟಗಿಗೆ ಹೋಗಿಬಂದು ನೋಡಿದರೆ ಹಗ್ಗವಿಲ್ಲ. ಒಡೆಯಬಾರದು, ಅಲುಗಬಾರದು ಎಂದು ಅಷ್ಟು ವರ್ಷ ಪ್ರತಿ ಸಲವೂ ಬಸ್ಸಿನಲ್ಲಿ ನಳಿಕೆಯನ್ನು ಎದೆಗೆ ಅವುಚಿಕೊಂಡೇ ಒಯ್ದಿದ್ದ. ತನ್ನ ಮೈಯ ಬಿಸಿಯೇ ಹಗ್ಗವನ್ನು ಕರಗಿಸಿ ಗುಳ್ಳೆ ಮಾಡಿತ್ತು. ಒಮ್ಮೆ ಕರಗಿದರೆ ಮತ್ತೆ ಹೊಸೆದುಕೊಳ್ಳಲು ಎಷ್ಟೋ ದಿನ ಬೇಕು. ಮಗುವಿನಂತೆ ಜೋಪಾನ ಮಾಡಿದ್ದಕ್ಕೇ ಕೆಟ್ಟಿತಲ್ಲ ಎಂದು ಆವತ್ತು ಅವನು ತಲೆತಲೆ ಚಚ್ಚಿಕೊಂಡಿದ್ದ.

ಇದನ್ನು ಬರೆದು ತಿಳಿಸಿದ್ದ. ಉತ್ತರ ಬಂದಿರಲಿಲ್ಲ. ಇನಾಮದಾರರೇ ಹಿಂದೆ ಒಂದು ಪೇಪರು ಬರೆದಿದ್ದರು, ಅಣು ಎಡವಾಗಲಿ ಬಲವಾಗಲಿ ಗುಳ್ಳೆಗೆ ಅದರಿಂದ ಏನೂ ವ್ಯತ್ಯಾಸವಿಲ್ಲ ಎಂದು. ಆ ಪೇಪರಿನಿಂದಲೇ ಪ್ರೊಫೆಸರ್ ಆದವರು ಎಂದು ಜನ ಅನ್ನುತ್ತಿದ್ದರು. ಕಳಕಪ್ಪ ಅದನ್ನು ಓದಿದ್ದ, ಅವರು ಎಲ್ಲವನ್ನೂ ಬಿಸಿಯಲ್ಲೇ ಮಾಡಿದ್ದಾರೆ ಎಂಬುದನ್ನೂ ಗಮನಿಸಿದ್ದ. ಆದರೆ ದೊಡ್ಡ ಮನುಷ್ಯರು ಕಣ್ಣಾರೆ ಕಂಡರೆ ಒಪ್ಪುತ್ತಾರೆ, ಒಪ್ಪದೆ ಏನು ಮಾಡುತ್ತಾರೆ ಎಂದುಕೊಂಡಿದ್ದ.

ಜೀಪಿನ ಹಾರ್ನ್ ಕೇಳಿಸಿತು. ಅಂಗಿಯ ತೋಳಿಗೆ ಕೈ ಒರೆಸಿಕೊಳ್ಳುತ್ತ ಕಳಕಪ್ಪ ಮುಂದಿನ ಅಂಗಳಕ್ಕೆ ಓಡಿದ. ಪ್ರಿನ್ಸಿಪಾಲರು ಆಗಲೇ ಮಾಲೆ ಹಾಕಿ ಮುಗಿಸಿದ್ದರು. "ಏನಪಾ, ಭಾಳ ಬಡವ ಆಗೀದಿ," ಎಂದರು ಇನಾಮದಾರರು ಅವನ ಭುಜ ತಟ್ಟಿ. ಆ ಒಂದು ಮಾತಿಗೆ, ಆ ಒಂದು ತಟ್ಟುವಿಕೆಗೆ ತನ್ನೊಳಗೆ ಏನೋ ಬಾಲ ಅಲ್ಲಾಡಿಸಿದ್ದು ಅವನಿಗೇ ಗೊತ್ತಾಗಿ ಹೇಸಿಕೆಯಾಯಿತು. ಪರೀಕ್ಷೆ ಶುರುವಾಗಿ ತಾಸಾಗಿತ್ತು. ಹುಡುಗರು ಬೆವರುತ್ತ ಬುರೆಟ್ಟಿನ ಗೀಟು ನೋಡುತ್ತಿದ್ದರು. ಇನಾಮದಾರರು ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ ಒಂದೊಂದು ಪ್ರಶ್ನೆ ಕೇಳುತ್ತ, ಅಟೆಂಡರ್ ಯಮನೂರಪ್ಪ ತಂದುಕೊಟ್ಟ ನೀರನ್ನು ಗಟಗಟ ಕುಡಿದು "ಛಲೋ ತಣ್ಣಗ ಐತಿ" ಎಂದರು. ಆ ಮಾತು ಕಿವಿಗೆ ಬಿದ್ದು ಎರಡು ಹೆಜ್ಜೆ ನಡೆದ ಮೇಲೆ ಕಳಕಪ್ಪನಿಗೆ ಆ ನೀರು ಯಾವ ಹರವಿಯದೆಂದು ಹೊಳೆಯಿತು. ಲ್ಯಾಬಿನ ಹಿಂಬಾಗಿಲಿನಿಂದ ಹರವಿಯ ಹತ್ತಿರ ಹೋಗಿ ನೋಡಿದ. ಹರವಿ ಹೊಸದಾಗಿ ತಿಕ್ಕಿಸಿಕೊಂಡು, ವಿಭೂತಿ ಹಚ್ಚಿಸಿಕೊಂಡು, ತುಂಬಿ ಕೂತಿತ್ತು. ದಾರವಿರಲಿಲ್ಲ.

"ಯಮನೂರಪ್ಪ, ಇದರಾಗ ನಳಿಗಿ ಇದ್ದವಲ್ಲ?"

"ಇದ್ದವರೀ ಸರ," ಎಂದ ಯಮನೂರಪ್ಪ. "ದೊಡ್ಡ ಸಾಹೇಬ್ರು ಬಂದಾರ, ನಿನ್ನಿ ನೀರು ಹೆಂಗ ಕೊಡೂದಂತ ಎಲ್ಲಾ ಚೆಲ್ಲಿ, ಸೀನೀರು ತಂದು ತುಂಬೀನ್ರಿ. ಯಾರೋ ಹುಡುಗರು ಮಸ್ಕಿರಿಗೆ ನಳಿಗಿ ಬಿಟ್ಟಾರ ಅಂದ್ಕೊಂಡ್ನಿ. ಕಿಡಕ್ಯಾಗ ಒಣಗಾಕ ಇಟ್ಟೀನ್ರಿ."

ಕಿಟಕಿ ಮೂಡಣ ದಿಕ್ಕಿನದು. ತೊಳೆದ ನಳಿಕೆಗಳ ಸಾಲಿನಲ್ಲಿ ಅವನ ನಳಿಕೆಗಳೂ ಬಿರಡೆ ಸಮೇತ ಬಿಸಿಲಿಗೆ ಅಚ್ಚುಕಟ್ಟಾಗಿ ನಿಂತಿದ್ದವು. ಮುಟ್ಟಿದ, ಆಗತಾನೆ ಬಸಿದ ಚಹಾದಷ್ಟು ಬೆಚ್ಚಗಿದ್ದವು. ಯಮನೂರಪ್ಪನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು, ಆದರೆ ಅವನ ತಪ್ಪೇನು; ಬಂದ ಅತಿಥಿಗೆ ಹಳೆಯ ನೀರು ಕೊಡಬಾರದೆಂಬುದು ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ, ತನಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಒಂದು ಮಾತು ಹೇಳಿರಲಿಲ್ಲ. ಹೇಳಿದರೆ ಕುಡಿಯುವ ನೀರಿನಲ್ಲಿ ಏನು ಇಟ್ಟಿದ್ದೀರಿ ಎಂಬ ಪ್ರಶ್ನೆ ಬರುತ್ತದೆಂದು ಕಳ್ಳನ ಹಾಗೆ ಮುಚ್ಚಿಟ್ಟಿದ್ದ. ಸಿಟ್ಟಿಗೆ ಕೂರಲು ಜಾಗವೇ ಸಿಗದೆ ಅದು ಅವನೊಳಗೆ ಸುಮ್ಮನೆ ತಿರುಗತೊಡಗಿತು. ಅಷ್ಟರಲ್ಲಿ ಬೆನ್ನ ಹಿಂದೆ ಇನಾಮದಾರರು. "ಏನಪಾ ಕಳಕಪ್ಪ, ಹಗ್ಗ ತೋರಸ್ತೀನಿ ಅಂತ ಬರದಿದ್ದಿ. ತೋರಸು ನೋಡೂಣು." ಅವರ ಪಕ್ಕದಲ್ಲಿ ಪ್ರಿನ್ಸಿಪಾಲರು, ಆಮೇಲೆ ಬರೆಯುವುದನ್ನು ಬಿಟ್ಟು ಇತ್ತಲೇ ಕಿವಿ ಕೊಟ್ಟ ಹುಡುಗರು.

ಇವತ್ತು ಆಗುವುದಿಲ್ಲ ಎನ್ನಬಹುದಿತ್ತು. ಅನ್ನಲಾಗಲಿಲ್ಲ. ಎಲ್ಲೋ ಒಂದು ಹಗ್ಗ ಉಳಿದಿರಬಹುದು ಎಂಬ ಹುಚ್ಚು ಆಸೆಯಿಂದ ಗಾಜಿನ ಮೇಲೆ ಹನಿ ಬಿಟ್ಟು, ಕರಿ ಬಿಲ್ಲೆ ಇಟ್ಟು, ತಾನು ಮೊದಲು ನೋಡಿದ. ಕತ್ತಲಲ್ಲಿ ಬೆಳ್ಳನೆಯ ದುಂಡು ಗುಳ್ಳೆಗಳು ಮಾತ್ರ ನಿರುಮ್ಮಳವಾಗಿ ತೇಲುತ್ತಿದ್ದವು. ತಲೆ ಎತ್ತದೆಯೇ ಪಕ್ಕಕ್ಕೆ ಸರಿದ. ಇನಾಮದಾರರು ಕನ್ನಡಕ ತೆಗೆದು ನೋಡಿದರು. ಬಹಳ ಹೊತ್ತು ನೋಡಿದರು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

"ಗುಳ್ಳಿ ಅದಾವು," ಎಂದರು.

"ಬಿಸಲಾಗ ಇದ್ದವ್ರಿ ಸರ, ಕರಗ್ಯಾವು. ಥಂಡ್ಯಾಗ ಇದ್ದಿದ್ರ ನಿಮಗ..."

"ಥಂಡಿಗೊಂದು ಸತ್ಯ, ಬ್ಯಾಸಿಗಿಗೊಂದು ಸತ್ಯ ಇರತೈತೇನಪಾ?"

ಪ್ರಿನ್ಸಿಪಾಲರೂ ಬಗ್ಗಿ ನೋಡಿದರು. ಅವರು ಇತಿಹಾಸದ ಮೇಷ್ಟ್ರು. "ನನಗೂ ಗುಳ್ಳೀನ ಕಾಣಸ್ತಾವ್ರಿ," ಎಂದು ತೀರ್ಪು ಕೊಟ್ಟರು. ಹುಡುಗರು ನಕ್ಕರು. ಬೇಸಿಗೆಯಲ್ಲಿ ಮಂಜುಗಡ್ಡೆ ಕರಗುತ್ತದೆ, ಹಾಗೆಂದು ಮಂಜುಗಡ್ಡೆ ಸುಳ್ಳೆಂದು ಯಾವ ಮುಠ್ಠಾಳನೂ ಹೇಳುವುದಿಲ್ಲ. ಈ ಮಾತು ಕಳಕಪ್ಪನ ನಾಲಿಗೆಗೆ ಬರುವ ಹೊತ್ತಿಗೆ ಅವರಿಬ್ಬರೂ ಆಚೆಯ ಟೇಬಲ್ಲಿಗೆ ಹೋಗಿದ್ದರು. ಅವನ ಒಳ್ಳೆಯ ಉತ್ತರಗಳೆಲ್ಲ ಹೀಗೇ, ಜನ ಎದ್ದು ಹೋದ ಮೇಲೆ ಬರುವವು.

ಹೊರಗಿನ ಪರೀಕ್ಷಕರ ಊಟ ಅವನ ಮನೆಯಲ್ಲೇ ಎಂದು ಮೊದಲೇ ಗೊತ್ತಾಗಿತ್ತು. ಕೊಪ್ಪಳದ ಹೋಟೆಲಿನಲ್ಲಿ ಅಂಥವರಿಗೆ ಉಣಿಸುವ ಪದ್ಧತಿ ಇರಲಿಲ್ಲ. ಶಂಕ್ರಮ್ಮ ಬೆಳಗಿನ ಜಾವ ಎದ್ದು ಹೋಳಿಗೆ, ಬದನೆಯ ಎಣಗಾಯಿ, ಶೇಂಗಾ ಹಿಂಡಿ ಮಾಡಿದ್ದಳು. ಪಡಸಾಲೆಯಲ್ಲಿ ಇನಾಮದಾರರಿಗೂ ಪ್ರಿನ್ಸಿಪಾಲರಿಗೂ ಮಣೆ ಹಾಕಿ, ತಾಟು ಇಟ್ಟು, ತುಪ್ಪ ಹೊಯ್ದಳು. ಕಳಕಪ್ಪ ತಾನು ಉಣ್ಣಲು ಕೂರದೆ ಬಡಿಸುತ್ತ ನಿಂತ. ಅಷ್ಟರಲ್ಲಿ ಹರವಿಯ ಸುದ್ದಿ ಯಮನೂರಪ್ಪನಿಂದ ಪ್ರಿನ್ಸಿಪಾಲರ ಕಿವಿಗೆ ಬಿದ್ದಿತ್ತು, ಅವರು ಅದನ್ನು ಎಣಗಾಯಿಯ ಜೊತೆಗೆ ಚಪ್ಪರಿಸಿಕೊಂಡು ಹೇಳಿದರು. "ಹಗ್ಗ ಎಲ್ಲಿ ನೆನಿ ಇಟ್ಟಿದ್ರು ಅಂದೀರಿ ಸರ? ನಿಮಗ ಕುಡಿಯಾಕ ಇಟ್ಟಿದ್ದ ಹರವ್ಯಾಗ." ಇನಾಮದಾರರು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಬಿಟ್ಟು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಕಳಕಪ್ಪನೂ ನಕ್ಕ. ಈ ಬಾಯಿ ಯಾವಾಗ ತನ್ನ ಮಾತು ಕೇಳುತ್ತದೆ? ಬಾಗಿಲ ಹಿಂದೆ ಹೋಳಿಗೆಯ ಬುಟ್ಟಿ ಹಿಡಿದು ನಿಂತಿದ್ದ ಶಂಕ್ರಮ್ಮ ನಗಲಿಲ್ಲ. ನಗುವ ಗಂಡನ ಮುಖವನ್ನು ಅವಳು ಗುರುತು ಸಿಗದವಳಂತೆ ನೋಡುತ್ತಿದ್ದಳು.

"ನೋಡು ಕಳಕಪ್ಪ," ಎಂದರು ಇನಾಮದಾರರು, ಹೊಟ್ಟೆ ತುಂಬಿದವರ ಅಕ್ಕರೆಯಿಂದ. "ಉಳದ ಅಧ್ಯಾಯ ಎಲ್ಲಾ ಛಲೋ ಅದಾವು. ಆ ನಾಕನೇದು ತಗದುಬಿಡು. ಬೆರಸಿದ ಗುಳ್ಳಿಂದಷ್ಟ ಇಡು, ಸಾಕು. ಬರೂ ತಿಂಗಳ ಸಹಿ ಮಾಡತೀನಿ."

"ಮುಗೀತಲ್ಲರೀ," ಎಂದರು ಪ್ರಿನ್ಸಿಪಾಲರು. "ಡಾಕ್ಟರ್ ಕಳಕಪ್ಪ."

ಕೈಯಲ್ಲಿ ತುಪ್ಪದ ಗಿಂಡಿ ಹಿಡಿದುಕೊಂಡು ಕಳಕಪ್ಪ ನಿಂತಿದ್ದ. ಮೈಕ್ರೋಸ್ಕೋಪಿನ ಕತ್ತಲಲ್ಲಿ ಕಂಡ ಆ ದುಂಡು ಗುಳ್ಳೆಗಳು ಇನ್ನೂ ಕಣ್ಣ ಮುಂದೆ ಇದ್ದವು. ಒಬ್ಬನೇ ಇದ್ದಾಗ ಮಾತ್ರ ಕಾಣುವುದು, ಇನ್ನೊಬ್ಬರು ಬಗ್ಗಿದೊಡನೆ ಮಾಯವಾಗುವುದು. ಅದಕ್ಕೆ ದೆವ್ವ ಎನ್ನುತ್ತಾರೆ, ರಸಾಯನಶಾಸ್ತ್ರ ಎನ್ನುವುದಿಲ್ಲ. ನಿಜಕ್ಕೂ ಹೊಲಸಿರಬಹುದೇ? ತೊಳೆಯಲು ಬಾರದವನೇ ಇರಬಹುದೇ ತಾನು? ಐದು ವರ್ಷದಿಂದ ಸೆಣಸುತ್ತಿದ್ದ ಏನೋ ಒಂದು ಒಳಗೆ ಸದ್ದಿಲ್ಲದೆ ಕುಕ್ಕರಿಸಿತು.

"ಆತ್ರಿ ಸರ," ಎಂದ.

ಊಟ ಮುಗಿಸಿ ಇನಾಮದಾರರು ಕೈ ತೊಳೆಯಲು ಹಿತ್ತಲಿಗೆ ಬಂದರು. ಕಳಕಪ್ಪ ಹೆಗಲಿಗೆ ಟವೆಲು ಹಾಕಿಕೊಂಡು, ತಂಬಿಗೆಯಲ್ಲಿ ನೀರು ತುಂಬಿಕೊಂಡು ಬಚ್ಚಲ ಕಲ್ಲಿನ ಹತ್ತಿರ ನಿಂತ. ಮನೆಗೆ ಬಂದವರ ಕೈಗೆ ಮನೆಯ ಯಜಮಾನನೇ ನೀರು ಹಾಕಬೇಕು. ಅವರು ಸಾಬೂನು ತೆಗೆದುಕೊಂಡು, ಎಣಗಾಯಿಯ ಎಣ್ಣೆ ಹೋಗುವಂತೆ ಎರಡೂ ಕೈಗಳನ್ನು ಮುಂಗೈವರೆಗೆ ನಿಧಾನವಾಗಿ ಉಜ್ಜಿಕೊಂಡರು. ಪಡಸಾಲೆಯಲ್ಲಿ ಪ್ರಿನ್ಸಿಪಾಲರು ಇನ್ನೂ ಮಜ್ಜಿಗೆ ಕುಡಿಯುತ್ತಿದ್ದರು.

"ಮನಸ್ಸಿಗೆ ಹಚ್ಚಿಕೋಬ್ಯಾಡ," ಎಂದರು ಇನಾಮದಾರರು ದನಿ ತಗ್ಗಿಸಿ. "ಹಗ್ಗ ನಾನೂ ನೋಡೀನಿ."

"ಏನಂದ್ರಿ ಸರ?"

"ಹ್ವಾದ ವರ್ಷ ಸಂಕ್ರಾಂತಿ ಮುಂದ ಒಂದು ನಳಿಗಿ ನನ್ನ ಟೇಬಲ್ ಮ್ಯಾಲ ಬಿಟ್ಟು ಹೋಗಿದ್ದಿಯಲ್ಲ. ಥಂಡಿ ಭಾಳ ಇತ್ತು. ಒಂದು ವಾರ ಬಿಟ್ಟು ನೋಡಿದ್ರ ಹಗ್ಗ. ಎಲ್ಲಾ ಒಂದ ಕಡೆ ಹೊಸದಿದ್ವು. ಛಂದ ಇದ್ವು." ಅವರು ನಿಜವಾಗಿಯೂ ಛಂದವಾದದ್ದನ್ನು ನೆನೆಯುವವರಂತೆ ಮುಗುಳ್ನಕ್ಕರು. "ನನ್ನ ಪೇಪರ್ ನಿನಗ ಗೊತ್ತೈತಿ. ಇನ್ನೆರಡು ವರ್ಷಕ್ಕ ರಿಟೈರ್ ಆಗತೀನಿ. ಆಮ್ಯಾಲ ನಿನಗ ಬೇಕಾದ್ದು ಬರಕೋ, ಯಾರು ಬ್ಯಾಡಂತಾರ? ಹೂಂ, ನೀರ ಹಾಕು."

ತಂಬಿಗೆ ಬಾಗಿತ್ತು. ಅದನ್ನು ಕಳಕಪ್ಪ ನೆಟ್ಟಗೆ ಮಾಡಿದ. ಮೊದಲು ಅವನಿಗೆ ಸಂತೋಷವಾಯಿತು, ಬರೀ ಸಂತೋಷ. ತನ್ನ ಕಣ್ಣು ನೆಟ್ಟಗಿತ್ತು, ಹಗ್ಗವಿತ್ತು, ಇನ್ನೊಬ್ಬ ಮನುಷ್ಯನೂ ಅದನ್ನು ಕಂಡಿದ್ದ. ಆಮೇಲೆ, ಹಿಂದೆಯೇ, ಕಾಲಿನಿಂದ ಮೇಲಕ್ಕೆ ಸಿಟ್ಟು ಏರಿತು. ನೋಡಿದ ಮೇಲೂ ಈ ಮನುಷ್ಯ ತನ್ನನ್ನು ವಾಪಸು ಕಳಿಸಿದ್ದರು. ನೋಡಿದ ಮೇಲೂ ಇವತ್ತು ಹುಡುಗರ ಮುಂದೆ ಕನ್ನಡಕ ತೆಗೆದು, ಅಷ್ಟು ಹೊತ್ತು ಬಗ್ಗಿ, ಗುಳ್ಳೆ ಎಂದಿದ್ದರು. ಅಷ್ಟು ಹೊತ್ತು ಅವರು ಹುಡುಕುತ್ತಿದ್ದದ್ದು ಒಂದು ಹಗ್ಗವಾದರೂ ಉಳಿದಿದೆಯೋ ಎಂದು. ಇಲ್ಲವೆಂದು ಖಾತ್ರಿಯಾದ ಮೇಲೇ ಬಾಯಿ ತೆರೆದಿದ್ದರು. ಇದನ್ನೇ ಹುಡುಕುತ್ತಿರುವ ಜಪಾನಿನವರೋ ಮತ್ತಾರೋ ಎರಡು ವರ್ಷ ಇವರಿಗಾಗಿ ಕಾದು ಕೂರುತ್ತಾರೆಯೇ?

"ನೀರ ಹಾಕಪಾ."

"ಹಾಕತೀನ್ರಿ ಸರ. ಪ್ರಿನ್ಸಿಪಾಲರು ಒಳಗ ಕುಂತಾರ. ಈಗ ನನಗ ಏನು ಹೇಳಿದ್ರಿ, ಅದನ್ನ ಅವರ ಮುಂದ ಒಂದು ಸಲ ಹೇಳ್ರಿ. ಆಮ್ಯಾಲ ಹಾಕತೀನಿ."

ಇನಾಮದಾರರು ಇದನ್ನು ತಮಾಷೆ ಎಂದುಕೊಂಡು ನೊರೆಗೈಗಳನ್ನು ಇನ್ನಷ್ಟು ಮುಂದೆ ಚಾಚಿದರು. ನೀರು ಬೀಳಲಿಲ್ಲ. ಬಿಸಿಲು ನೆತ್ತಿಯ ಮೇಲಿತ್ತು, ನೊರೆ ಆಗಲೇ ಬೆಳ್ಳಗೆ ಒಣಗಿ ಬೆರಳ ಸಂದಿಗಳನ್ನು ಬಿಗಿಯತೊಡಗಿತ್ತು. "ಹುಚ್ಚಗಿಚ್ಚ ಹಿಡದೈತೇನು?" ಎಂದರು, ಈಗ ದನಿ ತಗ್ಗಿಸದೆ. ಆ ದನಿಗೆ ಪ್ರಿನ್ಸಿಪಾಲರು ಎಂಜಲುಗೈ ಹಿಡಿದುಕೊಂಡೇ ಹಿತ್ತಲ ಬಾಗಿಲಿಗೆ ಬಂದರು, ಅವರ ಹಿಂದೆ ಶಂಕ್ರಮ್ಮ. ಅತಿಥಿ ಕೈ ಚಾಚಿ ನಿಂತಿದ್ದಾರೆ, ಗಂಡ ತುಂಬಿದ ತಂಬಿಗೆ ಹಿಡಿದೂ ನೀರು ಹಾಕುತ್ತಿಲ್ಲ. ಅವಳು ಗಾಬರಿಯಾಗಿ ತಂಬಿಗೆಗೆ ಕೈ ಹಾಕಿದಳು.

"ತಡಿ," ಎಂದ ಕಳಕಪ್ಪ. "ಸಾಹೇಬ್ರು ಹಗ್ಗ ನೋಡ್ಯಾರಂತ. ಹ್ವಾದ ವರ್ಷನ ನೋಡ್ಯಾರಂತ. ಹೇಳತಾರ, ಕೇಳು."

ಶಂಕ್ರಮ್ಮ ಗಂಡನ ಮುಖ ನೋಡಿದಳು. ಆಮೇಲೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಇನಾಮದಾರರ ಕಡೆ ತಿರುಗಿದಳು. "ಖರೆ ಏನ್ರಿ ಸರ?" ಎಂದಳು, ಹೋಳಿಗೆ ಇನ್ನೊಂದು ಹಾಕಲೇ ಎಂದು ಕೇಳಿದಷ್ಟೇ ಮರ್ಯಾದೆಯಿಂದ. ತಂಬಿಗೆಗೆ ಹಾಕಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಇನಾಮದಾರರು ಅವಳನ್ನು ನೋಡಿದರು, ಪ್ರಿನ್ಸಿಪಾಲರನ್ನು ನೋಡಿದರು, ನೀರನ್ನು ನೋಡಿದರು. ಬಾಯಿ ಒಂದಿಷ್ಟು ತೆರೆಯಿತು ಕೂಡ. ಆಮೇಲೆ ಒಣಗಿದ ಸಾಬೂನಿನ ಎರಡೂ ಕೈಗಳನ್ನು ಕೆನೆಬಣ್ಣದ ಸಫಾರಿಯ ಎರಡೂ ಮಗ್ಗುಲಿಗೆ ಒರೆಸಿಕೊಂಡು, "ಜೀಪು ತರಸ್ರಿ" ಎಂದು ಪ್ರಿನ್ಸಿಪಾಲರಿಗೆ ಹೇಳಿ, ಅವರನ್ನು ದಾಟಿ ಒಳಗೆ ಹೋದರು. ಪಡಸಾಲೆಯಲ್ಲಿ ಹೆಜ್ಜೆಯ ಸದ್ದು, ಆಮೇಲೆ ಬೀದಿಯ ಬಾಗಿಲಿನ ಸದ್ದು ಕೇಳಿಸಿತು.

ಪ್ರಿನ್ಸಿಪಾಲರಿಗೆ ಎಂಜಲುಗೈಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. "ಸಹಿ ಹೋತಲ್ಲರೀ ಕಳಕಪ್ಪ," ಎಂದರು.

"ಹೋತ್ರಿ," ಎಂದ ಕಳಕಪ್ಪ, ಅವರ ಕೈಗೆ ನೀರು ಹಾಕುತ್ತ. "ನಾಕನೇ ಅಧ್ಯಾಯ ಉಳೀತು."